ಟ್ಯಾಂಕ್ ಹತ್ತಿರ ಒಂದೇ ಸಾಕೆಟ್, ಆರು ಪ್ಲಗ್. ಯಾವ ಸ್ಪೈಕ್ ಗಾರ್ಡ್ ತಗೊಳ್ಳಲಿ?

ಮೂರಡಿ_ಟ್ಯಾಂಕ್ (ಮೈಸೂರು)

ನಮಸ್ಕಾರ. ಮೀನು ಸಾಕುವುದಕ್ಕೆ ನಾನು ಹೊಸಬ. ಮೂರಡಿ ಟ್ಯಾಂಕ್ ಇಟ್ಟು ಒಂದೂವರೆ ತಿಂಗಳಾಯಿತು. ಸುಮಾರು 180 ಲೀಟರ್ ನೀರು. ಕ್ಯಾನಿಸ್ಟರ್ ಫಿಲ್ಟರ್ 20 ವ್ಯಾಟ್, ಹೀಟರ್ 200, ಲೈಟ್ 36, ನೀರು ತಿಳಿಯಾಗಿಡುವ ಯುವಿ ದೀಪ 9, ನೀರಲ್ಲಿ ಅಲೆ ಎಬ್ಬಿಸುವ ವೇವ್ ಮೇಕರ್ 6, ಏರ್ ಪಂಪ್ 4. ಬಾಡಿಗೆ ಮನೆ, ಹಾಲ್‌ನಲ್ಲಿ ಟ್ಯಾಂಕ್ ಹಿಂದೆ ಇರುವುದು ಒಂದೇ 6 ಆಂಪಿಯರ್ ಸಾಕೆಟ್.

ಸದ್ಯಕ್ಕೆ ಹಳೇ ಕಂಪ್ಯೂಟರಿನ ಎಕ್ಸ್‌ಟೆನ್ಶನ್ ಬೋರ್ಡ್ ಸ್ಟ್ಯಾಂಡ್ ಒಳಗೆ ನೆಲದ ಮೇಲೆ ಬಿದ್ದುಕೊಂಡಿದೆ. ನಿನ್ನೆ ನೀರು ಬದಲಾಯಿಸುವಾಗ ಪೈಪ್ ಕೈ ಜಾರಿತು. ಒಂದು ಮಗ್ ನೀರು ಬೋರ್ಡಿನ ಪಕ್ಕದಲ್ಲೇ ಚೆಲ್ಲಿತು. ಎದೆ ಧಸಕ್ ಎಂದಿತು. ಹೊಸದಾಗಿ ಸ್ಪೈಕ್ ಗಾರ್ಡ್ (ವೋಲ್ಟೇಜ್ ಥಟ್ಟನೆ ಏರಿದರೆ ತಡೆಯುವ ಬೋರ್ಡ್) ತಗೊಳ್ಳೋಣ ಅಂತ ನೋಡಿದರೆ ಒಂದರ ಮೇಲೆ 2500 ವ್ಯಾಟ್ ಅಂತ ಬರೆದಿದೆ, ಇನ್ನೊಂದರ ಮೇಲೆ ಇಷ್ಟು ಜೌಲ್ ಅಂತ ಇದೆ. ತಲೆ ಕೆಟ್ಟುಹೋಯಿತು. ಯಾವ ಕಂಪನಿದು ತಗೊಳ್ಳಲಿ, ಹೇಳಿ.

ಆಟೋಮೇಷನ್_ಹುಚ್ಚ (ಬೆಂಗಳೂರು)

ವೈಫೈ ಇರುವ ಸ್ಮಾರ್ಟ್ ಬೋರ್ಡ್ ತಗೊಳ್ಳಿ ಗುರು. ಆಫೀಸಿನಿಂದಲೇ ಲೈಟ್ ಆನ್, ಫಿಲ್ಟರ್ ಆಫ್. ಎಸ್‌.ಪಿ. ರಸ್ತೆಗೆ ಹೋದರೆ ಬೇಕಾದಷ್ಟು ಸಿಗುತ್ತವೆ.

ಕರಾವಳಿ_ಕಪ್ಪೆ (ಮಂಗಳೂರು)

ಆಫೀಸಿನಿಂದ ಫಿಲ್ಟರ್ ಆಫ್ ಮಾಡುವ ಕೆಲಸ ಯಾರಿಗೆ ಬರುತ್ತದೆ ಮಾರಾಯ್ರೆ?

ವೈರ್_ಮಾಸ್ಟರ್ (ಹುಬ್ಬಳ್ಳಿ)

ನಾನು ವೈರಿಂಗ್ ಕೆಲಸ ಮಾಡುವವನು. ಮನೆಯಲ್ಲಿ ನಾಲ್ಕಡಿ ಟ್ಯಾಂಕ್ ಇದೆ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಮೊದಲು ಲೆಕ್ಕ. ನಿಮ್ಮ ಆರೂ ಸಾಮಾನು ಕೂಡಿದರೆ 275 ವ್ಯಾಟ್. 230 ವೋಲ್ಟಿಗೆ ಭಾಗಿಸಿದರೆ 1.2 ಆಂಪಿಯರ್. ಆ ಗೋಡೆ ಸಾಕೆಟ್ 6 ಆಂಪಿಯರಿನದು, ಅಂದರೆ 1380 ವ್ಯಾಟ್ ತನಕ ತಡೆಯುತ್ತದೆ. ಲೋಡ್ ವಿಷಯದಲ್ಲಿ ನಿಮಗೆ ಚಿಂತೆಯೇ ಇಲ್ಲ. ಬೋರ್ಡಿನ ಮೇಲಿನ 2500 ವ್ಯಾಟ್ ನೋಡಿ ಮರುಳಾಗಬೇಡಿ. ಅದನ್ನು 6 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದ ಮೇಲೆ ಗೋಡೆಯ ಮಿತಿಯೇ ಮಿತಿ. ಮುಂದೆ ನೀರು ತಣಿಸುವ ಚಿಲ್ಲರ್ ಹಾಕಿದರೆ ಮಾತ್ರ ಬೇರೆ ಮಾತು. ಕಂಪ್ರೆಸರ್ ಶುರುವಾಗುವಾಗ ಕೆಲವು ಪಟ್ಟು ಕರೆಂಟ್ ಎಳೆಯುತ್ತದೆ. ಅದಕ್ಕೆ ಸ್ವಂತ ಪಾಯಿಂಟ್ ಕೊಡಿ.

ಜೌಲ್ ಅಂದರೆ ಸರ್ಜ್ ಎಷ್ಟು ನುಂಗುತ್ತದೆ ಎನ್ನುವ ಲೆಕ್ಕ. ಒಳಗೆ ಎಂಒವಿ ಅಂತ ಬಿಲ್ಲೆಯಂಥ ಒಂದು ಪುಟ್ಟ ಸಾಮಾನು ಇರುತ್ತದೆ. ವೋಲ್ಟೇಜ್ ಥಟ್ಟನೆ ಏರಿದಾಗ ಅದು ಹೊಡೆತ ತಿನ್ನುತ್ತದೆ. ಪ್ರತಿ ಹೊಡೆತಕ್ಕೂ ಸ್ವಲ್ಪ ಸವೆಯುತ್ತದೆ. ಎಲ್‌ಇಡಿ ಡ್ರೈವರ್ ಉಳಿಯಲಿ ಅಂತ ಹಾಕಿಕೊಳ್ಳಬಹುದು, ತಪ್ಪಿಲ್ಲ. ಆದರೆ ಅದು ನಿಮ್ಮ ಲೈಟನ್ನು ಕಾಯುತ್ತದೆ, ನಿಮ್ಮನ್ನಲ್ಲ. ಟ್ಯಾಂಕಿನಲ್ಲಿ ಕೈ ಇಟ್ಟಾಗ ಹೀಟರಿನ ಗಾಜು ಒಡೆದರೆ ಜೌಲ್ ಏನೂ ಮಾಡುವುದಿಲ್ಲ.

ಮೇನ್ ಬೋರ್ಡಿನ ಎಂಸಿಬಿ ಸ್ವಿಚ್ಚೂ ಅಷ್ಟೇ. ಅದು ಇರುವುದು ವೈರ್ ಸುಡದಿರಲಿ ಅಂತ. ಆರು ಆಂಪಿಯರಿನ ಎಂಸಿಬಿ ಬೀಳುವಷ್ಟು ಕರೆಂಟ್ ನಿಮ್ಮ ಮೈಯಲ್ಲಿ ಹರಿಯುವ ತನಕ ಯಾರೂ ಉಳಿಯುವುದಿಲ್ಲ. ಮನುಷ್ಯನನ್ನು ಕಾಯುವ ಸ್ವಿಚ್ ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಅನ್ನುತ್ತಾರೆ. ಫೇಸಿನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ ಅಂತ ಅದು ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಎರಡು ಕೆಲಸ ಮಾಡಿ. ಮೇನ್ ಬೋರ್ಡಿನಲ್ಲಿ ಟೆಸ್ಟ್ ಅಥವಾ ಟಿ ಅಂತ ಬರೆದ ಗುಂಡಿ ಇರುವ ಸ್ವಿಚ್ ಇದೆಯಾ ನೋಡಿ, ಅದೇ ಆರ್‌ಸಿಸಿಬಿ. ಹಾಲ್ ಸಾಕೆಟ್ಟಿನಲ್ಲಿ ಅರ್ಥಿಂಗ್ ನಿಜವಾಗಿ ಇದೆಯಾ ಅಂತ ಒಬ್ಬ ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ಮೂರು ತೂತು ಇದ್ದ ಮಾತ್ರಕ್ಕೆ ಮೂರನೇ ತೂತಿನ ಹಿಂದೆ ವೈರ್ ಇರುತ್ತದೆ ಅಂತ ಇಲ್ಲ.

ಮೂರಡಿ_ಟ್ಯಾಂಕ್ (ಮೈಸೂರು)

ಸರ್, ಟೆಸ್ಟ್ ಗುಂಡಿ ಇದೆ! ಒತ್ತಿದೆ, ಮನೆಯೆಲ್ಲ ಕತ್ತಲಾಯಿತು. ಮತ್ತೆ ಮೇಲೆತ್ತಿದೆ. ಸರಿ ಇದೆ ಅಂತ ಅಲ್ವಾ? ಅರ್ಥಿಂಗ್ ನೋಡಲು ನಾಳೆ ಬೀದಿ ಕೊನೆಯ ಎಲೆಕ್ಟ್ರಿಷಿಯನ್ ಬರುತ್ತಾರೆ. ಅಷ್ಟರಲ್ಲಿ ಬೋರ್ಡ್ ಯಾವುದು ಅಂತಲೂ ಹೇಳಿಬಿಡಿ.

ಗಪ್ಪಿ_ಅಜ್ಜಿ (ತೀರ್ಥಹಳ್ಳಿ)

ಮಗಾ, ನನ್ನ ಕಥೆ ಕೇಳು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಎರಡು ವರ್ಷದ ಹಿಂದೆ ಏರ್ ಪಂಪನ್ನು ಟ್ಯಾಂಕಿನ ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದೆ. ಅದರ ಪಕ್ಕದಲ್ಲೇ ಪ್ಲಗ್ ಬೋರ್ಡ್. ರಾತ್ರಿ ಕರೆಂಟ್ ಹೋಯಿತು. ಪಂಪ್ ನಿಂತಿತು. ಗಾಳಿ ಹೋಗುವ ಪೈಪಿನಲ್ಲಿ ನೀರು ಹಿಂದಕ್ಕೆ ಇಳಿಯಲು ಶುರುವಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕ್ ಕಾಲುಭಾಗ ಖಾಲಿ, ಪಂಪಿನ ಹೊಟ್ಟೆ ತುಂಬ ನೀರು, ಬೋರ್ಡ್ ತೊಯ್ದು ತೊಪ್ಪೆ. ಕರೆಂಟ್ ಇನ್ನೂ ಬಂದಿರಲಿಲ್ಲ. ಅದೇ ನನ್ನ ಪುಣ್ಯ. ನಡುಗುವ ಕೈಯಲ್ಲೇ ಮೇನ್ ಇಳಿಸಿದೆ.

ಈಗ ಪಂಪ್ ಟ್ಯಾಂಕಿನ ನೀರಿಗಿಂತ ಮೇಲೆ, ಗೋಡೆಯ ಮೊಳೆಯಲ್ಲಿದೆ. ಪೈಪಿಗೆ ಒಂದು ವಾಲ್ವ್ ಹಾಕಿಸಿದ್ದೇನೆ, ಗಾಳಿ ಒಂದೇ ಕಡೆ ಹೋಗುವಂಥದ್ದು. ಮೀನಿನ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಇನ್ನೊಂದು ಮಾತು, ಇರುವೆ. ಖಾಲಿ ಬಿಟ್ಟ ಸಾಕೆಟ್ ತೂತಿನಲ್ಲಿ ಗೂಡು ಕಟ್ಟುತ್ತವೆ. ಹಲ್ಲಿಯೂ ಸೇರಿಕೊಳ್ಳುತ್ತದೆ.

ವೈರ್_ಮಾಸ್ಟರ್ (ಹುಬ್ಬಳ್ಳಿ)

ಅಜ್ಜಿ ಹೇಳಿದ್ದು ಸಾವಿರ ರೂಪಾಯಿ ಮಾತು. ಆ ವಾಲ್ವನ್ನು ಎನ್‌ಆರ್‌ವಿ ಅನ್ನುತ್ತಾರೆ. ಉಲ್ಟಾ ಹಾಕಿದರೆ ಗಾಳಿಯೇ ಹೋಗುವುದಿಲ್ಲ. ಹಾಕುವ ಮೊದಲು ಬಾಯಲ್ಲಿ ಊದಿ ನೋಡಿ. ಖಾಲಿ ಸಾಕೆಟ್ಟಿಗೆ ಮಕ್ಕಳಿಗೆಂದು ಬರುವ ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿಸಿ.

ಇನ್ನು ಬೋರ್ಡ್. ಬ್ರ್ಯಾಂಡ್ ಹೆಸರು ನಾನು ಹೇಳುವುದಿಲ್ಲ. ಒಂದೇ ಕಂಪನಿಯಲ್ಲಿ ಒಳ್ಳೆಯದೂ ಇರುತ್ತದೆ, ಸವಕಲೂ ಇರುತ್ತದೆ. ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ನೋಡಿ. ಐಎಸ್‌ಐ ಗುರುತು ಇರಲಿ. ವೈರ್ ಮೇಲೆ ಅಚ್ಚೊತ್ತಿದ್ದನ್ನು ಓದಿ. ಮೂರು ಕೋರ್ ಇರಬೇಕು, ಒಂದು ಚದರ ಮಿಲಿಮೀಟರ್ ಇದ್ದರೆ ನಿಮಗೆ ಧಾರಾಳ. ಎರಡೇ ಕೋರ್ ವೈರ್ ಹಾಕಿ ಮೇಲೆ ಮೂರು ತೂತು ಕೊರೆದು ಮಾರುವವರಿದ್ದಾರೆ. ಪ್ಲಗ್ಗಿನಲ್ಲಿ ಅರ್ಥಿನ ದಪ್ಪ ಪಿನ್ ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ.

ಪ್ರತಿ ಸಾಕೆಟ್ಟಿಗೂ ಬೇರೆ ಸ್ವಿಚ್ ಇರುವುದನ್ನೇ ತಗೊಳ್ಳಿ. ನೀರು ಬದಲಾಯಿಸುವಾಗ ಹೀಟರ್ ಮೊದಲು ಆರಿಸಬೇಕು. ಬಿಸಿ ಗಾಜು ನೀರಿನಿಂದ ಹೊರಗೆ ಬಂದು ಮತ್ತೆ ತಣ್ಣೀರು ತಾಗಿದರೆ ಬಿರುಕು ಬಿಡುತ್ತದೆ. ಆದರೆ ನೀರಿಗೆ ಕೈ ಹಾಕುವಾಗ ಸ್ವಿಚ್ ಮೇಲೆ ನಂಬಿಕೆ ಬೇಡ. ಸ್ವಿಚ್ ಕತ್ತರಿಸುವುದು ಸಾಮಾನ್ಯವಾಗಿ ಒಂದೇ ವೈರನ್ನು. ಗೋಡೆಯಲ್ಲಿ ಫೇಸ್ ನ್ಯೂಟ್ರಲ್ ಅದಲು ಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ಹೀಟರಿನೊಳಗೆ ಫೇಸ್ ಇರುತ್ತದೆ. ಪ್ಲಗ್ ಕಿತ್ತುಬಿಡಿ, ಅಷ್ಟೇ.

ಈಗ ಎಲ್ಲರೂ ತಪ್ಪುವ ಜಾಗ. ನಿಮ್ಮ ಫಿಲ್ಟರ್, ಯುವಿ ಪ್ಲಗ್ ಹೇಗಿವೆ? ಚಪ್ಪಟೆ ಪಿನ್ನಾ, ಸಣ್ಣ ಗುಂಡು ಪಿನ್ನಾ?

ಮೂರಡಿ_ಟ್ಯಾಂಕ್ (ಮೈಸೂರು)

ಫಿಲ್ಟರ್ ಮತ್ತು ಯುವಿ ಚಪ್ಪಟೆ. ವೇವ್ ಮೇಕರ್ ಸಣ್ಣ ಗುಂಡು. ಹೀಟರಿನದು ಸ್ವಲ್ಪ ಅಲ್ಲಾಡುತ್ತದೆ. ಒಂದು ಕನ್ವರ್ಟರ್ ಹಾಕಿದ್ದೇನೆ.

ವೈರ್_ಮಾಸ್ಟರ್ (ಹುಬ್ಬಳ್ಳಿ)

ನೋಡಿ, ಅದೇ ನಾನು ಹೇಳಿದ್ದು. ನಮ್ಮ 6 ಆಂಪಿಯರ್ ಸಾಕೆಟ್ಟಿಗೆ ಬೇಕಾದ ಪಿನ್ ಸುಮಾರು 5 ಮಿಲಿಮೀಟರ್ ದಪ್ಪ. ಹೊರಗಿನಿಂದ ಬರುವ ಸಾಮಾನಿನ ಗುಂಡು ಪಿನ್ 4 ಮಿಲಿಮೀಟರ್. ಸಡಿಲವಾಗಿ ಕೂರುತ್ತದೆ. ಎಲ್ಲ ಪಿನ್ನೂ ಹೋಗುತ್ತದೆ ಅನ್ನುವ ಯೂನಿವರ್ಸಲ್ ಸಾಕೆಟ್ ಇನ್ನೂ ಕಷ್ಟ, ಅದು ಯಾವ ಪಿನ್ನನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಸಡಿಲ ಇದ್ದ ಕಡೆ ಕಿಡಿ, ಕಿಡಿ ಇದ್ದ ಕಡೆ ಬಿಸಿ. ನಾನು ಸುಟ್ಟ ಬೋರ್ಡ್ ಎಷ್ಟು ಬಿಚ್ಚಿದ್ದೇನೋ, ಹೆಚ್ಚಿನವು ಲೋಡ್ ಜಾಸ್ತಿಯಾಗಿ ಸುಟ್ಟವಲ್ಲ. ಒಂದೇ ಒಂದು ಸಡಿಲ ಪ್ಲಗ್.

ನಾನಾದರೆ ಹೀಟರಿನ ಪ್ಲಗ್ ಕತ್ತರಿಸಿ ನಮ್ಮ ಮೂರು ಪಿನ್ನಿನ ಪ್ಲಗ್ ಟಾಪ್ ಹಾಕುತ್ತೇನೆ. ಸ್ಕ್ರೂ ಬಿಗಿ, ಒಳಗೆ ವೈರ್ ಹಿಡಿಯುವ ಪಟ್ಟಿ ಬಿಗಿ.

ಕರಾವಳಿ_ಕಪ್ಪೆ (ಮಂಗಳೂರು)

ಕತ್ತರಿಸಿದರೆ ವಾರಂಟಿ ಹೋಯಿತಲ್ಲ ಮಾಸ್ಟ್ರೇ. ನಾನು ಗಟ್ಟಿ ಕನ್ವರ್ಟರ್ ಹಾಕಿಕೊಂಡಿದ್ದೇನೆ, ಒಂದು ಪ್ಲಗ್ಗಿಗೆ ಒಂದು. ವಾರಂಟಿ ಮುಗಿದ ಮೇಲೆ ಕತ್ತರಿ.

ನನ್ನದು ಸಮುದ್ರದ ಮೀನಿನ ಟ್ಯಾಂಕ್. ಇಲ್ಲಿ ಉಪ್ಪಿನದೇ ತಲೆಬಿಸಿ. ಗುಳ್ಳೆ ಒಡೆದು ಸಿಡಿದ ಹನಿ ಒಣಗಿ ಬಿಳಿ ಪುಡಿಯಾಗಿ ವೈರ್ ಹಿಡಿದುಕೊಂಡೇ ಹರಿದಾಡುತ್ತದೆ. ಅದು ಒಣಗಿದ್ದರೆ ತೊಂದರೆ ಕಡಿಮೆ. ನಮ್ಮೂರಿನ ಗಾಳಿಗೆ ಅದು ಒಣಗಿರುವುದು ಯಾವಾಗ? ತೇವ ಹೀರಿಕೊಂಡು ಕರೆಂಟ್ ಹಾಯುತ್ತದೆ. ಒಂದು ಬೋರ್ಡ್ ಬಿಚ್ಚಿದಾಗ ಹಿತ್ತಾಳೆ ಪಟ್ಟಿ ಹಸಿರು ಹಿಡಿದಿತ್ತು. ಈಗ ಬೋರ್ಡ್ ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಇರುವ ಕಪಾಟಿನಲ್ಲಿ ಇಲ್ಲ, ಪಕ್ಕದ ಗೋಡೆಯಲ್ಲಿ ಬೇರೆ ಡಬ್ಬಿಯಲ್ಲಿದೆ. ತಿಂಗಳಿಗೊಮ್ಮೆ ಪ್ಲಗ್ ಎಲ್ಲ ಕಿತ್ತು ಒಣ ಬಟ್ಟೆಯಲ್ಲಿ ಒರೆಸುತ್ತೇನೆ.

ಮಾಸ್ಟ್ರಿಗೆ ಒಂದು ಪ್ರಶ್ನೆ. ಟ್ಯಾಂಕಿನ ನೀರಿಗೇ ಅರ್ಥ್ ಕೊಡುವ ಟೈಟೇನಿಯಂ ಕಡ್ಡಿ ಸಿಗುತ್ತದಲ್ಲ, ಹಾಕಬಹುದಾ?

ವೈರ್_ಮಾಸ್ಟರ್ (ಹುಬ್ಬಳ್ಳಿ)

ಆರ್‌ಸಿಸಿಬಿ ಇದ್ದರೆ ಹಾಕಿ. ನೀರಿಗೆ ಕರೆಂಟ್ ಸೋರಿದ ಕೂಡಲೇ ಕಡ್ಡಿಯ ಮೂಲಕ ಹೋಗಿ ಲೈನ್ ಬೀಳುತ್ತದೆ, ನೀವು ಕೈ ಹಾಕುವ ತನಕ ಕಾಯುವುದಿಲ್ಲ. ಆರ್‌ಸಿಸಿಬಿ ಇಲ್ಲದೆ ಬರೀ ಕಡ್ಡಿ ಹಾಕಬೇಡಿ. ಸೋರುವ ಕರೆಂಟಿಗೆ ನೀವೇ ಖಾಯಂ ದಾರಿ ಮಾಡಿಕೊಟ್ಟ ಹಾಗೆ. ಎಂಸಿಬಿ ಬೀಳುವುದಿಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ.

ಕ್ಲೌನ್_ಲೋಚ್ (ದಾವಣಗೆರೆ)

ನೀರಿಗೆ ಟೆಸ್ಟರ್ ತಾಗಿಸಿದರೆ ಮಂಕಾಗಿ ಉರಿಯುತ್ತದೆ. ಶಾಕ್ ಹೊಡೆಯುವುದಿಲ್ಲ. ಪಂಪ್ ಹೋಗಿದೆಯಾ?

ವೈರ್_ಮಾಸ್ಟರ್ (ಹುಬ್ಬಳ್ಳಿ)

ಟೆಸ್ಟರಿನ ದೀಪ ತೀರಾ ಸಣ್ಣ ಕರೆಂಟಿಗೂ ಉರಿಯುತ್ತದೆ. ನೀರಿನೊಳಗಿನ ಪಂಪ್ ಚೆನ್ನಾಗಿದ್ದರೂ ಸ್ವಲ್ಪ ಹಾಗೆ ಕಾಣುತ್ತದೆ. ಒಂದೊಂದೇ ಪ್ಲಗ್ ಕಿತ್ತು ನೋಡಿ. ಯಾವುದನ್ನು ಹಾಕಿದಾಗ ದೀಪ ಜೋರಾಗುತ್ತದೋ ಅದರ ಮೇಲೆ ಅನುಮಾನ. ಬೆರಳಿನಲ್ಲಿ ಗಾಯ ಇದ್ದ ಕಡೆ ಚುರುಗುಟ್ಟಿದರಂತೂ ಆ ಸಾಮಾನು ಕಸಕ್ಕೆ. ಟೇಪ್ ಸುತ್ತಿ ಮತ್ತೆ ನೀರಿಗೆ ಬಿಡುವ ಬುದ್ಧಿ ಬೇಡ.

ಡಲ್ಲಾಸ್_ಡಿಸ್ಕಸ್ (ಅಮೆರಿಕ)

ಇಲ್ಲಿ 120 ವೋಲ್ಟ್. ಸಾಕೆಟ್ಟಿನಲ್ಲೇ ಜಿಎಫ್‌ಸಿಐ ಬರುತ್ತದೆ, 5 ಮಿಲಿ ಆಂಪಿಯರ್ ಹತ್ತಿರ ಬೀಳುತ್ತದೆ. ನಿಮ್ಮ ಆರ್‌ಸಿಸಿಬಿಯ ಕೆಲಸವೇ ಅದರದ್ದೂ. ನಾನು ಕಲಿತ ಪಾಠ ಒಂದಿದೆ. ಎಲ್ಲ ಸಾಮಾನನ್ನೂ ಒಂದೇ ಜಿಎಫ್‌ಸಿಐಗೆ ಹಾಕಿ ನಾಲ್ಕು ದಿನ ಊರಿಗೆ ಹೋಗಿದ್ದೆವು. ಹಳೇ ಹೀಟರ್ ಸ್ವಲ್ಪ ಸೋರಿತು, ಲೈನ್ ಬಿತ್ತು. ಮನುಷ್ಯರಿಗೆ ಏನೂ ಆಗಲಿಲ್ಲ, ಆದರೆ ಫಿಲ್ಟರ್ ನಿಂತು ಡಿಸ್ಕಸ್ ಮೀನೆಲ್ಲ ಸತ್ತವು. ಈಗ ಎರಡು ಪಾಲು ಮಾಡಿದ್ದೇನೆ. ಹೀಟರ್ ಮತ್ತು ಲೈಟ್ ಒಂದು ಕಡೆ, ಫಿಲ್ಟರ್ ಮತ್ತು ಏರ್ ಪಂಪ್ ಇನ್ನೊಂದು ಕಡೆ. ಎರಡಕ್ಕೂ ಬೇರೆ ಬೇರೆ ಜಿಎಫ್‌ಸಿಐ.

ಗಪ್ಪಿ_ಅಜ್ಜಿ (ತೀರ್ಥಹಳ್ಳಿ)

ಅಯ್ಯೋ, ಪಾಪ.

ಆಟೋಮೇಷನ್_ಹುಚ್ಚ (ಬೆಂಗಳೂರು)

ನಾನೂ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಸ್ಮಾರ್ಟ್ ಪ್ಲಗ್ ಹಾಕುವವರು ಆ್ಯಪ್‌ನಲ್ಲಿ ಒಂದು ಸೆಟ್ಟಿಂಗ್ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಪ್ಲಗ್ ಆನ್ ಆಗಬೇಕಾ, ಆಫ್ ಇರಬೇಕಾ ಅಂತ ಕೇಳುತ್ತದೆ. ನನ್ನದು ಆಫ್ ಇತ್ತು. ಎರಡು ನಿಮಿಷದ ಪವರ್ ಕಟ್, ಫಿಲ್ಟರ್ ಇಡೀ ರಾತ್ರಿ ನಿಂತಿತ್ತು. ಈಗ ಫಿಲ್ಟರಿಗೆ ಸ್ಮಾರ್ಟೂ ಇಲ್ಲ, ಟೈಮರೂ ಇಲ್ಲ. ಲೈಟಿಗೆ ಮಾತ್ರ. ತಿರುಗಿಸುವ ಟೈಮರ್ ಹಾಕುವವರೂ ನೆನಪಿಡಿ, ಕರೆಂಟ್ ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ. ಒಂದು ವಾರದಲ್ಲಿ ಬೆಳಗಿನ ಲೈಟ್ ಮಧ್ಯಾಹ್ನಕ್ಕೆ ಬಂದಿರುತ್ತದೆ.

ಕ್ಲೌನ್_ಲೋಚ್ (ದಾವಣಗೆರೆ)

ಮನೆಯ ಇನ್ವರ್ಟರಿಗೆ ಪೂರ್ತಿ ಬೋರ್ಡ್ ಕೊಟ್ಟರೆ?

ವೈರ್_ಮಾಸ್ಟರ್ (ಹುಬ್ಬಳ್ಳಿ)

ಹೀಟರ್ ಬೇಡ, ಬ್ಯಾಟರಿ ಕುಡಿದುಬಿಡುತ್ತದೆ. ಫಿಲ್ಟರ್, ಏರ್ ಪಂಪ್ ಸಾಕು. ಸೈನ್ ವೇವ್ ಇನ್ವರ್ಟರ್ ಆದರೆ ಒಳ್ಳೆಯದು. ಸ್ಕ್ವೇರ್ ವೇವ್ ಆದರೆ ಪಂಪ್ ಗುಂಯ್‌ಗುಟ್ಟುತ್ತದೆ, ಬಿಸಿಯಾಗುತ್ತದೆ. ಇನ್ವರ್ಟರ್ ಲೈನಿನ ನ್ಯೂಟ್ರಲ್ ಬೇರೆ ಲೈನಿಗೆ ಸೇರಿದ್ದರೆ ಆರ್‌ಸಿಸಿಬಿ ಸುಮ್ನೆ ಸುಮ್ನೆ ಬೀಳುತ್ತದೆ. ಅದನ್ನೂ ನೋಡಿಸಿಕೊಳ್ಳಿ.

ಮೂರಡಿ_ಟ್ಯಾಂಕ್ (ಮೈಸೂರು)

ಎಲೆಕ್ಟ್ರಿಷಿಯನ್ ಬಂದು ಹೋದರು. ಒಳ್ಳೇ ಸುದ್ದಿ. ಹೋಲ್ಡರಿಗೆ ಎರಡು ವೈರ್ ಹಾಕಿದ 40 ವ್ಯಾಟ್ ಬಲ್ಬ್ ತಂದಿದ್ದರು. ಹಾಲ್ ಸಾಕೆಟ್ಟಿನಲ್ಲಿ ಫೇಸಿಗೂ ಅರ್ಥಿಗೂ ಹಿಡಿದರು. ಬಲ್ಬ್ ಝಗ್ ಅಂತ ಉರಿಯಿತು. ಅರ್ಥಿಂಗ್ ಫಸ್ಟ್ ಕ್ಲಾಸ್ ಅಂದರು. ಇನ್ನು ಬೋರ್ಡ್ ತಂದರೆ ಆಯಿತು!

ವೈರ್_ಮಾಸ್ಟರ್ (ಹುಬ್ಬಳ್ಳಿ)

ಒಂದು ನಿಮಿಷ ತಡೀರಿ. ಬಲ್ಬ್ ಉರಿಯಿತಾ, ಉರೀತಾನೇ ಇತ್ತಾ? ಮೇನ್ ಬೋರ್ಡಿನ ಆರ್‌ಸಿಸಿಬಿ ಬೀಳಲಿಲ್ವಾ?

ಮೂರಡಿ_ಟ್ಯಾಂಕ್ (ಮೈಸೂರು)

ಇಲ್ಲ ಸರ್, ಏನೂ ಬೀಳಲಿಲ್ಲ. ಹತ್ತು ಸೆಕೆಂಡ್ ಉರಿಸಿ ತೋರಿಸಿದರು. ಯಾಕೆ?

ವೈರ್_ಮಾಸ್ಟರ್ (ಹುಬ್ಬಳ್ಳಿ)

40 ವ್ಯಾಟ್ ಬಲ್ಬ್ ಅಂದರೆ 170 ಮಿಲಿ ಆಂಪಿಯರ್ ಮೇಲೆ. ಅಷ್ಟೂ ಕರೆಂಟ್ ನಿಜವಾದ ಅರ್ಥಿಗೆ ಹೋಗಿದ್ದರೆ 30ಕ್ಕೆ ಬೀಳುವ ಆರ್‌ಸಿಸಿಬಿ ನಿಮ್ಮ ಬಲ್ಬನ್ನು ಉರಿಯಲು ಬಿಡುತ್ತಲೇ ಇರಲಿಲ್ಲ. ಮಿಣಕ್ ಅನ್ನುವುದರೊಳಗೆ ಕಟ್ ಆಗಬೇಕಿತ್ತು. ಟೆಸ್ಟ್ ಗುಂಡಿ ಒತ್ತಿದಾಗ ಅದು ಬಿದ್ದಿದೆ, ಅಂದರೆ ಆರ್‌ಸಿಸಿಬಿ ಬದುಕಿದೆ. ಹಾಗಾದರೆ ಉಳಿದದ್ದು ಎರಡೇ. ಆ ಸಾಕೆಟ್ ಆರ್‌ಸಿಸಿಬಿಯ ದಾರಿಯಲ್ಲಿ ಇಲ್ಲ. ಇಲ್ಲವೇ ಅರ್ಥ್ ಪಿನ್ನಿಗೆ ನ್ಯೂಟ್ರಲ್ ಸೇರಿಸಿಟ್ಟಿದ್ದಾರೆ. ಮೇನ್ ಇಳಿಸಿ ಸಾಕೆಟ್ ಪ್ಲೇಟ್ ಬಿಚ್ಚಿಸಿ ನೋಡಿ. ನೀವು ಬಿಚ್ಚಬೇಡಿ, ಅವರನ್ನೇ ಕರೆಯಿರಿ.

ಮೂರಡಿ_ಟ್ಯಾಂಕ್ (ಮೈಸೂರು)

ಸರ್, ನೀವು ಹುಬ್ಬಳ್ಳಿಯಲ್ಲಿ ಕೂತು ಹೇಳಿದ್ದು ಇಲ್ಲಿ ಗೋಡೆಯೊಳಗೆ ಇತ್ತು. ಪ್ಲೇಟ್ ತೆಗೆದರೆ ಒಳಗೆ ಬಂದಿರುವುದು ಎರಡೇ ವೈರ್. ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ಎರಡಿಂಚಿನ ಒಂದು ತುಂಡು ವೈರ್ ಸಿಕ್ಕಿಸಿದ್ದಾರೆ. ಮನೆ ಕಟ್ಟಿದಾಗ ಯಾರೋ ಮಾಡಿಟ್ಟದ್ದು. ಬಂದವರು ತಲೆ ಕೆರೆದುಕೊಂಡರು. ಅಡುಗೆಮನೆ, ಗೀಸರ್ ಪಾಯಿಂಟಿಗೆ ಮಾತ್ರ ಹಸಿರು ವೈರ್ ಎಳೆದಿದ್ದಾರೆ, ಹಾಲಿಗೆ ಇಲ್ಲ.

ವೈರ್_ಮಾಸ್ಟರ್ (ಹುಬ್ಬಳ್ಳಿ)

ಬಹಳ ಕಡೆ ಹೀಗೇ ಮಾಡಿರುತ್ತಾರೆ, ಟೆಸ್ಟಿಂಗ್ ಪಾಸಾಗಲಿ ಅಂತ. ಆ ಸಾಕೆಟ್ಟಿಗೆ ಹೋಗುವ ನ್ಯೂಟ್ರಲ್ ಎಲ್ಲಾದರೂ ತುಂಡಾದರೆ, ಅಥವಾ ಬರೀ ಸಡಿಲವಾದರೂ ಸಾಕು, ಅರ್ಥ್ ಪಿನ್ನಿಗೆ ಸೇರಿದ ಎಲ್ಲ ಲೋಹಕ್ಕೂ ಫೇಸ್ ಬರುತ್ತದೆ. ಲೈಟಿನ ಅಲ್ಯೂಮಿನಿಯಂ ಬಾಡಿ ಮುಟ್ಟಿದವರ ಗತಿ ಹೇಳಬೇಕಾಗಿಲ್ಲ. ಸ್ಪೈಕ್ ಗಾರ್ಡಿನ ಎಂಒವಿಗೂ ಅರ್ಥ್ ಇಲ್ಲದೆ ಅರ್ಧ ಕೆಲಸ. ತುಂಡು ಕೀಳಿಸಿ, ಮೇನ್ ಬೋರ್ಡಿನಿಂದ ಹಸಿರು ವೈರ್ ಎಳೆಸಿ.

ಮೂರಡಿ_ಟ್ಯಾಂಕ್ (ಮೈಸೂರು)

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಮನೆ ಓನರ್ ಮೊದಲು ಒಪ್ಪಲಿಲ್ಲ. ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ ಅಂದರು. ಆ ಎರಡಿಂಚಿನ ತುಂಡನ್ನು ಅವರ ಕೈಗೇ ಕೊಟ್ಟು ವಿಷಯ ಹೇಳಿದೆ. ಅರ್ಧ ಖರ್ಚು ಕೊಟ್ಟರು. ಹಳೇ ಪೈಪಿನಲ್ಲೇ ಹಸಿರು ವೈರ್ ಹಾದುಹೋಯಿತು, ಗೋಡೆ ಒಡೆಯಬೇಕಾಗಲಿಲ್ಲ. ಮತ್ತೆ ಬಲ್ಬ್ ಹಿಡಿದರು. ಮಿಣಕ್ ಅಂತು, ಲೈನ್ ಬಿತ್ತು. ಇಷ್ಟು ಖುಷಿ ಕತ್ತಲಲ್ಲಿ ನಿಂತು ಎಂದೂ ಪಟ್ಟಿರಲಿಲ್ಲ.

ಬೋರ್ಡ್ ಸಾದಾದ್ದೇ ತಂದೆ, ನಾಲ್ಕು ಸಾಕೆಟ್, ನಾಲ್ಕು ಸ್ವಿಚ್. ಯುವಿ ತೆಗೆದಿಟ್ಟೆ, ನೀರು ತಿಳಿಯಾಗಿಯೇ ಇದೆ. ಏರ್ ಪಂಪ್ ಮೊಳೆಯ ಮೇಲೆ, ಅಜ್ಜಿ ಹೇಳಿದ ವಾಲ್ವ್ ಸಮೇತ, ಬೇರೆ ಗೋಡೆಯ ಇನ್ವರ್ಟರ್ ಪಾಯಿಂಟಿಗೆ. ಹಾಗಾಗಿ ನಾಲ್ಕು ಪ್ಲಗ್ ಉಳಿದವು, ಅಳತೆಗೆ ಸರಿ. ಬೋರ್ಡನ್ನು ಸ್ಟ್ಯಾಂಡಿನ ಹೊರಗಡೆ ಪಕ್ಕಕ್ಕೆ, ನೆಲದಿಂದ ಎರಡಡಿ ಮೇಲೆ ನೆಟ್ಟಗೆ ಸ್ಕ್ರೂ ಮಾಡಿದ್ದೇನೆ. ಒಂದು ಅನುಮಾನ. ಟ್ಯಾಂಕಿನಿಂದ ಬರುವ ವೈರ್ ಸೀದಾ ಮೇಲಿನಿಂದ ಬೋರ್ಡಿಗೆ ಇಳಿಯುತ್ತದೆ. ಪರವಾಗಿಲ್ವಾ?

ಕರಾವಳಿ_ಕಪ್ಪೆ (ಮಂಗಳೂರು)

ಹಾಗೆ ಬಿಡಬೇಡಿ ಮಾರಾಯ್ರೆ! ವೈರ್ ಹಿಡಿದುಕೊಂಡು ಇಳಿದ ಹನಿ ಸೀದಾ ಪ್ಲಗ್ಗಿಗೆ ಹೋಗುತ್ತದೆ. ವೈರನ್ನು ಬೋರ್ಡಿಗಿಂತ ಕೆಳಗೆ ಜೋತು ಬಿಟ್ಟು, ಆಮೇಲೆ ಮೇಲಕ್ಕೆ ತಂದು ಚುಚ್ಚಿ. ಹನಿ ಆ ತಗ್ಗಿನಲ್ಲಿ ನೆಲಕ್ಕೆ ಬೀಳುತ್ತದೆ.

ಮೂರಡಿ_ಟ್ಯಾಂಕ್ (ಮೈಸೂರು)

ಮಾಡಿದೆ. ಹೀಟರಿನ ವೈರ್ ಗಿಡ್ಡ ಇತ್ತು, ಬೋರ್ಡನ್ನೇ ಅರ್ಧ ಅಡಿ ಈಚೆ ತಂದೆ. ಮಗಳು ಪ್ರತಿ ಪ್ಲಗ್ಗಿಗೂ ಚೀಟಿ ಅಂಟಿಸಿದ್ದಾಳೆ. ಹೀಟರಿಗೆ ಕೆಂಪು, ನಾಲ್ಕರಲ್ಲಿ ಯಾವುದು ಮೊದಲು ಕೀಳಬೇಕು ಅಂತ ಹುಡುಕುವ ಹಾಗಿಲ್ಲ.

ವೈರ್_ಮಾಸ್ಟರ್ (ಹುಬ್ಬಳ್ಳಿ)

ಒಂದು ಗಂಟೆ ಬಿಟ್ಟು ಹೀಟರ್ ಪ್ಲಗ್ ಮುಟ್ಟಿ ನೋಡಿ, ಬೆಚ್ಚಗೂ ಇರಬಾರದು. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ. ಈ ತಿಂಗಳು ಒತ್ತಿದಿರಾ?

ಮೂರಡಿ_ಟ್ಯಾಂಕ್ (ಮೈಸೂರು)

ಪ್ಲಗ್ ತಣ್ಣಗಿದೆ. ಗುಂಡಿ ನಿನ್ನೆ ರಾತ್ರಿ ಒಂಬತ್ತಕ್ಕೆ ಒತ್ತಿದೆ, ಅಮ್ಮನ ಸೀರಿಯಲ್ ಅರ್ಧಕ್ಕೆ ನಿಂತಿತು. ಮುಂದಿನ ತಿಂಗಳಿನಿಂದ ಬೆಳಿಗ್ಗೆ ಒತ್ತುತ್ತೇನೆ ಸರ್.